ಎದುರು ಮನೆಯ ಛಾವಣಿ ಮತ್ತು ನಮ್ಮ ಮನೆಯ ನಿರ್ಧಾರ

ಮನೆಯ ಛಾವಣಿಯ ಮೇಲೆ ಸೋಲಾರ್ ಪ್ಯಾನೆಲ್ ಕೂರಿಸಬೇಕೆಂಬ ವಿಚಾರ ನಮ್ಮಲ್ಲಿ ಮೊದಲು ಎದ್ದದ್ದಕ್ಕೂ ಪ್ಯಾನೆಲ್‌ಗಳು ನಿಜವಾಗಿ ಮೇಲೇರಿದ್ದಕ್ಕೂ ನಡುವೆ ಹಲವು ವರ್ಷ ಕಳೆದವು. ಆ ವರ್ಷಗಳಲ್ಲಿ ಬಿಸಿಲು ಬದಲಾಗಲಿಲ್ಲ, ಛಾವಣಿಯ ವಿಸ್ತೀರ್ಣ ಬದಲಾಗಲಿಲ್ಲ, ನಮ್ಮ ವಿದ್ಯುತ್ ಬಳಕೆಯೂ ಹೇಳಿಕೊಳ್ಳುವಷ್ಟು ಏರಲಿಲ್ಲ. ಪ್ಯಾನೆಲ್‌ಗಳ ಬೆಲೆ ಇಳಿದದ್ದು ನಿಜ. ಆದರೆ ಬೆಲೆ ಇಳಿದ ಸುದ್ದಿ ಓದಿದ ದಿನ ನಾವು ಯಾರಿಗೂ ಫೋನ್ ಮಾಡಲಿಲ್ಲ. ಹಿಂದಿರುಗಿ ನೋಡಿದರೆ ಆ ಅವಧಿಯಲ್ಲಿ ಎದ್ದು ಕಾಣುವಂತೆ ಬದಲಾದದ್ದು ನಮ್ಮ ಸುತ್ತಲಿನ ಮನೆಗಳು. ಯಾವ ಹಂತದಲ್ಲಿ ಯಾರ ಮಾತು ನಮ್ಮ ಮನೆಯೊಳಗೆ ಬಂತು, ಯಾವುದು ನಮ್ಮನ್ನು ಮುಂದಕ್ಕೆ ತಳ್ಳಿತು, ಯಾವುದು ಹಿಂದಕ್ಕೆಳೆಯಿತು ಎಂಬುದನ್ನು ನೆನಪು ಮಸುಕಾಗುವ ಮೊದಲು ಬರೆದಿಡುವುದು ಒಳ್ಳೆಯದೆನಿಸಿತು.

ಮೊದಲಿಗೆ ಒಂದು ಮಾತು ಸ್ಪಷ್ಟಪಡಿಸಬೇಕು. ನಮಗೆ ಮಾಹಿತಿಯ ಕೊರತೆ ಇರಲಿಲ್ಲ. ಈಗಿನ ಪ್ಯಾನೆಲ್‌ಗಳಲ್ಲಿ ಒಂದು ಕಿಲೋವ್ಯಾಟ್‌ಗೆ ಸುಮಾರು 5 ಚದರ ಮೀಟರ್ ಜಾಗ ಸಾಕೆಂಬುದು, ಅವುಗಳ ಸಾಮರ್ಥ್ಯ ವರ್ಷಕ್ಕೆ ಸುಮಾರು ಶೇ. 0.5ರಷ್ಟು ಮಾತ್ರ ಕುಸಿಯುತ್ತದೆಂಬುದು, ಪ್ಯಾನೆಲ್‌ಗೆ 25 ವರ್ಷಗಳ ಉತ್ಪಾದನಾ ವಾರಂಟಿ ಸಿಕ್ಕರೂ, ಪ್ಯಾನೆಲ್‌ನ ವಿದ್ಯುತ್ತನ್ನು ಮನೆಬಳಕೆಗೆ ತಕ್ಕಂತೆ ಬದಲಿಸುವ ಇನ್ವರ್ಟರ್‌ಗೆ ಸಾಮಾನ್ಯವಾಗಿ ಅಷ್ಟು ಕಾಲದ ಭರವಸೆ ಸಿಗುವುದಿಲ್ಲವೆಂಬುದು, ಅದನ್ನು ನಡುವೆ ಒಮ್ಮೆಯಾದರೂ ಬದಲಿಸಬೇಕಾಗಿ ಬರಬಹುದೆಂಬುದು ನಮಗೆ ಗೊತ್ತಿತ್ತು. ಖರ್ಚು ಎಷ್ಟು ವರ್ಷಗಳಲ್ಲಿ ವಾಪಸಾಗುತ್ತದೆಂಬ ಲೆಕ್ಕವನ್ನು ನಾನೇ ಕಾಗದದ ಮೇಲೆ ಮಾಡಿಟ್ಟಿದ್ದೆ. ಲೆಕ್ಕ ಅನುಕೂಲವಾಗಿಯೇ ಇತ್ತು. ಆದರೂ ಆ ಕಾಗದ ಮೇಜಿನ ಖಾನೆಯಲ್ಲಿ ಉಳಿಯಿತು. ಲಾಭವಿದೆಯೆಂದು ತಿಳಿದ ಮೇಲೂ ಕೈ ಮುಂದಕ್ಕೆ ಹೋಗದಿದ್ದುದಕ್ಕೆ ಸೋಮಾರಿತನವೊಂದೇ ಕಾರಣವೆಂದು ನಾನು ಒಪ್ಪುವುದಿಲ್ಲ. ಸೋಲಾರ್ ಎಂಬ ಸರಕಿನ ಸ್ವಭಾವವೇ ಅಂಥದ್ದು. ದುಡ್ಡೆಲ್ಲ ಮೊದಲೇ ಕೊಡಬೇಕು, ಪ್ರತಿಫಲ ದಶಕಗಳುದ್ದಕ್ಕೂ ಸಣ್ಣ ಸಣ್ಣ ಕಂತುಗಳಲ್ಲಿ ಬರುತ್ತದೆ, ಛಾವಣಿಗೆ ಒಮ್ಮೆ ತೂತು ಕೊರೆದ ಮೇಲೆ ಅದನ್ನು ಹಿಂದಿರುಗಿಸುವ ಮಾತಿಲ್ಲ.

ಹೊಸ ಪದ್ಧತಿಗಳು ಸಮಾಜದಲ್ಲಿ ಹೇಗೆ ಹರಡುತ್ತವೆಂಬುದರ ಬಗ್ಗೆ ನಡೆದ ಮೊದಮೊದಲ ಅಧ್ಯಯನಗಳಲ್ಲಿ ಒಂದು ಅಮೆರಿಕದ ಅಯೋವಾ ರಾಜ್ಯದ ರೈತರ ಕುರಿತದ್ದು. ಬ್ರೈಸ್ ರಯಾನ್ ಮತ್ತು ನೀಲ್ ಗ್ರಾಸ್ ಎಂಬ ಸಮಾಜಶಾಸ್ತ್ರಜ್ಞರು ಹೈಬ್ರಿಡ್ ಮೆಕ್ಕೆಜೋಳದ ಬೀಜ ಹೇಗೆ ಹೊಲದಿಂದ ಹೊಲಕ್ಕೆ ಹಬ್ಬಿತೆಂದು ಪರಿಶೀಲಿಸಿ 1943ರಲ್ಲಿ ಅದನ್ನು ಪ್ರಕಟಿಸಿದರು. ಬೀಜದ ಸುದ್ದಿ ರೈತರಿಗೆ ಮೊದಲು ಮುಟ್ಟಿದ್ದು ಹೆಚ್ಚಾಗಿ ಮಾರಾಟಗಾರರಿಂದ. ಬಿತ್ತುವ ಧೈರ್ಯ ಬಂದದ್ದು ನೆರೆಹೊರೆಯವರಿಂದ. ಅಷ್ಟಾದರೂ ಹೆಚ್ಚಿನವರು ಮೊದಲ ವರ್ಷ ಹೊಲದ ಒಂದು ತುಂಡಿನಲ್ಲಿ ಮಾತ್ರ ಬಿತ್ತಿ ನೋಡಿದರು. ಇದನ್ನು ಓದಿದಾಗ ನಮ್ಮ ವರ್ಷಗಳ ಹಿಂಜರಿಕೆಗೆ ನನಗೊಂದು ವಿವರಣೆ ಸಿಕ್ಕಿತು. ಸೋಲಾರ್‌ನಲ್ಲಿ ಬಿತ್ತಿ ನೋಡುವ ತುಂಡು ಹೊಲವಿಲ್ಲ. ಒಂದೇ ಪ್ಯಾನೆಲ್ ಹಾಕಿಸಿ ಒಂದು ವರ್ಷ ನೋಡೋಣವೆಂದರೆ ಇನ್ವರ್ಟರ್, ಮೀಟರ್, ಅನುಮತಿ, ಕೂಲಿ ಎಲ್ಲವೂ ಹೆಚ್ಚುಕಡಿಮೆ ಪೂರ್ತಿಯೇ ಬೀಳುತ್ತವೆ. ಹಾಗಾಗಿ ಪ್ರಯೋಗದ ತುಂಡು ನೆಲವಾಗಿ ಒದಗುವುದು ಬೇರೆಯವರ ಛಾವಣಿ.

ನಮ್ಮ ಬೀದಿಯಲ್ಲಿ ಮೊದಲು ಪ್ಯಾನೆಲ್ ಹಾಕಿಸಿದವರು ಮೂಲೆಮನೆಯವರು. ನಮ್ಮ ಮೇಲಿನ ಕಿಟಕಿಯಿಂದ ಅವು ನೇರವಾಗಿ ಕಾಣುತ್ತಿದ್ದವು. ನೆರೆಮನೆಯವರನ್ನು ನೋಡಿ ಜನ ಹಾಕಿಸಿಕೊಳ್ಳುತ್ತಾರೆ ಎಂಬ ಸರಳ ಸೂತ್ರ ನಿಜವಾಗಿದ್ದರೆ ಆ ಹೊತ್ತಿಗೇ ನಮ್ಮಲ್ಲಿ ಏನಾದರೂ ಕದಲಬೇಕಿತ್ತು. ಕದಲಲಿಲ್ಲ. ಕಾರಣ ಸರಳ: ಆ ಮನೆಯ ಯಜಮಾನರು ವಿದ್ಯುತ್ ಕ್ಷೇತ್ರದಲ್ಲೇ ದುಡಿದವರು, ಮನೆಯಲ್ಲಿ ಯಾವಾಗಲೂ ಏನಾದರೊಂದನ್ನು ಬಿಚ್ಚಿ ಜೋಡಿಸುತ್ತಿರುವವರು. "ಅವರಿಗೇನು, ಅವರಿಗೆ ಅದೆಲ್ಲ ಗೊತ್ತು" ಎಂದು ನಮ್ಮ ಮನೆಯಲ್ಲಿ ಎಲ್ಲರೂ ಹೇಳಿದೆವು. ಅವರ ಪರಿಣತಿಯೇ ಅವರ ಉದಾಹರಣೆಯನ್ನು ನಮ್ಮಿಂದ ದೂರವಿಟ್ಟಿತು. ಅವರು ಹಾಕಿಸಿದ್ದರಿಂದ ಸೋಲಾರ್ ಎಂಬುದು ತಿಳಿದವರ ಹವ್ಯಾಸ ಎಂಬ ನಮ್ಮ ಭಾವನೆ ಇನ್ನಷ್ಟು ಗಟ್ಟಿಯಾಯಿತೆಂದರೂ ತಪ್ಪಾಗದು.

ಎರಡನೆಯ ಮನೆ ಹಾಕಿಸಿದಾಗ ಕಥೆ ಬೇರೆಯಾಯಿತು. ಎದುರು ಮನೆಯ ದಂಪತಿಗಳು ನಮ್ಮ ಹಾಗೆಯೇ ಸಂಬಳದ ಮೇಲೆ ಬದುಕುವವರು, ಫ್ಯೂಸ್ ಹೋದರೆ ಬೇರೆಯವರನ್ನು ಕರೆಯುವವರು, ದೊಡ್ಡ ಖರ್ಚಿನ ಮುಂದೆ ತಿಂಗಳುಗಟ್ಟಲೆ ಅನುಮಾನಿಸುವವರು. ಅವರ ಛಾವಣಿಯ ಮೇಲೆ ಕಬ್ಬಿಣದ ಚೌಕಟ್ಟು ಎದ್ದ ವಾರವೇ ನಮ್ಮ ಮನೆಯಲ್ಲಿ ಮಾತಿನ ಧಾಟಿ ಬದಲಾಯಿತು. "ಬೇಕೇ?" ಎಂಬ ಪ್ರಶ್ನೆಯ ಜಾಗದಲ್ಲಿ "ಅವರು ಯಾರ ಹತ್ತಿರ ಮಾಡಿಸಿದರಂತೆ?" ಎಂಬ ಪ್ರಶ್ನೆ ಬಂದು ಕೂತಿತು. ಸಂಖ್ಯೆಯ ದೃಷ್ಟಿಯಿಂದ ಒಂದರಿಂದ ಎರಡಕ್ಕೆ ಏರಿದ್ದು ಅಷ್ಟೇ. ಆದರೆ ಎಷ್ಟು ಮನೆಗಳು ಎಂಬುದಕ್ಕಿಂತ ಎಂಥವರ ಮನೆ ಎಂಬುದು ಹೆಚ್ಚು ತೂಗುತ್ತದೆಂದು ನನಗೆ ಆಗ ಕಂಡಿತು, ಈಗಲೂ ಹಾಗೆಯೇ ಕಾಣುತ್ತದೆ.

ಈ ಬಗೆಯ ಪ್ರಭಾವವನ್ನು ಅಂಕಿಸಂಖ್ಯೆಯಲ್ಲಿ ಹಿಡಿಯುವುದು ಸುಲಭವಲ್ಲ. ಬ್ರಯಾನ್ ಬಾಲಿಂಜರ್ ಮತ್ತು ಕೆನೆತ್ ಗಿಲಿಂಗಮ್ ಎಂಬ ಅರ್ಥಶಾಸ್ತ್ರಜ್ಞರು ಕ್ಯಾಲಿಫೋರ್ನಿಯಾದ ಮನೆಗಳ ದತ್ತಾಂಶವನ್ನು ಪರಿಶೀಲಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಂದು ಪಿನ್‌ಕೋಡ್ ವಲಯದಲ್ಲಿ ಒಂದು ಮನೆಗೆ ಹೆಚ್ಚುವರಿಯಾಗಿ ಸೋಲಾರ್ ಬಂದರೆ ಅದೇ ವಲಯದಲ್ಲಿ ಮತ್ತೊಂದು ಅಳವಡಿಕೆಯ ಸಂಭವ 0.78 ಶೇಕಡಾ ಅಂಶದಷ್ಟು ಹೆಚ್ಚುತ್ತದೆ. ಸಣ್ಣ ಸಂಖ್ಯೆಯಂತೆ ಕಾಣುವ ಇದು ಪ್ರತಿ ಅಳವಡಿಕೆಯ ಜೊತೆಗೆ ಮತ್ತೆ ಮತ್ತೆ ಸೇರುತ್ತ ಹೋಗುತ್ತದೆ. ಆದರೆ ಸಂಖ್ಯೆಗಿಂತ ನನಗೆ ಮೆಚ್ಚುಗೆಯಾದದ್ದು ಅವರು ಸಂಶಯವನ್ನು ನಿಭಾಯಿಸಿದ ರೀತಿ. ಒಂದೇ ಬೀದಿಯಲ್ಲಿ ಸಾಮಾನ್ಯವಾಗಿ ಒಂದೇ ಬಗೆಯ ಆದಾಯ, ಒಂದೇ ಬಗೆಯ ಮನೆ, ಒಂದೇ ಬಗೆಯ ಅಭಿರುಚಿಯ ಜನ ಇರುತ್ತಾರೆ. ಒಬ್ಬನೇ ಮಾರಾಟಗಾರ ಎಲ್ಲರ ಬಾಗಿಲೂ ತಟ್ಟಿರುತ್ತಾನೆ. ಹಾಗಿರುವಾಗ ಒಬ್ಬರನ್ನು ನೋಡಿ ಇನ್ನೊಬ್ಬರು ಹಾಕಿಸಿದರೋ, ಇಬ್ಬರೂ ಒಂದೇ ಕಾರಣಕ್ಕೆ ಬೇರೆ ಬೇರೆಯಾಗಿ ಹಾಕಿಸಿದರೋ ಎಂದು ಬಿಡಿಸಿ ಹೇಳುವುದು ಕಷ್ಟ. ನಿರ್ಧಾರಕ್ಕೂ ಅಳವಡಿಕೆಗೂ ನಡುವೆ ಇರುವ ಕಾಲದ ಅಂತರವನ್ನೇ ಅವರು ಆಸರೆಯಾಗಿ ಬಳಸಿದರು: ನೆರೆಯವರು ಒಪ್ಪಂದಕ್ಕೆ ಸಹಿ ಹಾಕಿದ್ದು ಕಣ್ಣಿಗೆ ಬೀಳುವುದಿಲ್ಲ, ಪ್ಯಾನೆಲ್ ಮೇಲೇರಿದ್ದು ಬೀಳುತ್ತದೆ. ಆದ್ದರಿಂದ ಮೇಲೇರಿದ ನಂತರ ಹೊಸ ನಿರ್ಧಾರಗಳು ಹೆಚ್ಚುತ್ತವೆಯೇ ಎಂದು ನೋಡಬಹುದು. ನಮ್ಮ ವಿಷಯದಲ್ಲೂ ಮಾರಾಟಗಾರರ ಕರಪತ್ರ ಎದುರು ಮನೆಗೆ ಬಂದ ಕಾಲದಲ್ಲೇ ನಮ್ಮ ಮನೆಗೂ ಬಂದಿತ್ತು. ಅದು ಲೆಕ್ಕದ ಕಾಗದದ ಜೊತೆ ಖಾನೆ ಸೇರಿತ್ತು. ಎದುರು ಮನೆಯ ಚೌಕಟ್ಟು ಎದ್ದ ಮೇಲೆ ಎರಡೂ ಹೊರಬಂದವು.

ನೋಡಿದ್ದರಿಂದ ಕುತೂಹಲ ಹುಟ್ಟಿತು. ನಿರ್ಧಾರಕ್ಕೆ ಹತ್ತಿರವಾದದ್ದು ಮಾತನಾಡಿದ ಮೇಲೆ. ಒಂದು ಸಂಜೆ ನಾವು ಎದುರು ಮನೆಗೆ ಹೋಗಿ ಬಹಳ ಹೊತ್ತು ಕೂತೆವು. ಮಾರಾಟಗಾರರನ್ನು ಕೇಳಲು ಸಂಕೋಚವಾಗುವ, ಕೇಳಿದರೂ ಉತ್ತರವನ್ನು ಪೂರ್ತಿ ನಂಬಲಾಗದ ಪ್ರಶ್ನೆಗಳು ನಮ್ಮಲ್ಲಿದ್ದವು. ಚೌಕಟ್ಟಿಗೆಂದು ತೂತು ಕೊರೆದ ಕಡೆ ನೀರು ಸೋರುತ್ತಿದೆಯೇ? ಮೋಡ ಕವಿದ ತಿಂಗಳುಗಳಲ್ಲಿ ಉತ್ಪಾದನೆ ಎಷ್ಟಕ್ಕೆ ಬೀಳುತ್ತದೆ? ಧೂಳು ಒರೆಸಲು ಮೇಲೆ ಹತ್ತುವವರು ಯಾರು? ಕೆಲಸಗಾರರು ಹೇಳಿದ ದಿನ ಬಂದರೇ? ಹೊಸ ಮೀಟರ್‌ಗೆ ಎಷ್ಟು ಕಾಯಬೇಕಾಯಿತು? ಅವರು ಬಿಲ್ಲುಗಳ ಕಟ್ಟನ್ನೇ ತಂದು ಮುಂದಿಟ್ಟರು. ಉತ್ಪಾದನೆ ಕಡಿಮೆ ಬಂದ ತಿಂಗಳ ಬಿಲ್ಲೂ ಅದರಲ್ಲಿತ್ತು, ಮೀಟರ್ ಬರುವ ತನಕ ಮಾಡಿದ ವಿದ್ಯುತ್ತಿಗೆ ಲೆಕ್ಕವೇ ಸಿಗದೆ ಹೋದ ವಾರಗಳೂ ಇದ್ದವು. ಅದನ್ನೆಲ್ಲ ಮುಚ್ಚಿಡದೆ ಹೇಳಿದ್ದರಿಂದಲೇ ಉಳಿದದ್ದನ್ನು ನಾವು ನಂಬಿದೆವು.

ಗ್ರಿಡ್‌ನಲ್ಲಿ, ಅಂದರೆ ವಿದ್ಯುತ್ ಸರಬರಾಜು ಜಾಲದಲ್ಲಿ, ವಿದ್ಯುತ್ ಹೋದಾಗ ಬ್ಯಾಟರಿಯಿಲ್ಲದ ಸಾಮಾನ್ಯ ಗ್ರಿಡ್ ಜೋಡಣೆಯ ಇನ್ವರ್ಟರ್ ಕೂಡ ತಾನಾಗಿ ನಿಂತುಹೋಗುತ್ತದೆ ಎಂಬುದು ನಮ್ಮ ಮನೆಯಲ್ಲಿ ಉಳಿದವರಿಗೆ ತಿಳಿದದ್ದು ಆ ಸಂಜೆಯೇ. ತಂತಿ ದುರಸ್ತಿ ಮಾಡುತ್ತಿರುವ ಕೆಲಸಗಾರರ ಮೈಗೆ ಮನೆಗಳ ಕಡೆಯಿಂದ ವಿದ್ಯುತ್ ಹರಿಯಬಾರದೆಂಬುದು ಅದರ ಒಂದು ಮುಖ್ಯ ಕಾರಣ. ನಾನು ಇದನ್ನು ಓದಿದ್ದೆ, ಮನೆಯಲ್ಲಿ ಹೇಳಿಯೂ ಇದ್ದೆ. ಆದರೆ "ಮೊನ್ನೆ ಕರೆಂಟ್ ಹೋದಾಗ ನಡು ಮಧ್ಯಾಹ್ನದ ಬಿಸಿಲಿನಲ್ಲೂ ನಮ್ಮ ಫ್ಯಾನ್ ನಿಂತಿತು" ಎಂದು ಎದುರು ಮನೆಯಾಕೆ ಹೇಳಿದಾಗಲೇ ಅದು ಎಲ್ಲರ ತಲೆಯಲ್ಲಿ ಇಳಿಯಿತು. ಸ್ವೀಡನ್‌ನ ಬಳಕೆದಾರರ ಕುರಿತು 2017ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದಕ್ಕೆ ಹತ್ತಿರದ ಮಾತನ್ನೇ ಹೇಳುತ್ತದೆ: ದಾರಿಯಲ್ಲಿ ಹೋಗುವಾಗ ಯಾರದೋ ಪ್ಯಾನೆಲ್ ಕಂಡದ್ದಕ್ಕಿಂತ, ಮೊದಲೇ ಪರಿಚಯವಿದ್ದವರ ಜೊತೆಗಿನ ಮಾತುಕತೆಯ ಪ್ರಭಾವ ಹೆಚ್ಚು, ಆ ಮಾತುಕತೆಯಿಂದ ಸಿಗುವುದು ಕೂಡ ಹೊಸ ತಾಂತ್ರಿಕ ಜ್ಞಾನಕ್ಕಿಂತ, ಇದು ಹೇಳಿದಂತೆ ಕೆಲಸ ಮಾಡುತ್ತದೆ, ದೊಡ್ಡ ರಗಳೆಯಿಲ್ಲ ಎಂಬ ದೃಢೀಕರಣ.

ಹೇಳುವವರು ಸ್ವತಃ ಹಾಕಿಸಿಕೊಂಡಿರುವುದು ಎಷ್ಟು ಮುಖ್ಯವೆಂಬುದಕ್ಕೆ ಇನ್ನೂ ಬಲವಾದ ಸಾಕ್ಷ್ಯವಿದೆ. ಅಮೆರಿಕದ ಕನೆಕ್ಟಿಕಟ್ ರಾಜ್ಯದ 58 ಪಟ್ಟಣಗಳಲ್ಲಿ ನಡೆದ ಪ್ರಚಾರ ಕಾರ್ಯಕ್ರಮವೊಂದರಲ್ಲಿ ಸ್ಥಳೀಯ ಸ್ವಯಂಸೇವಕರು ತಮ್ಮ ಊರಿನವರಿಗೆ ಸೋಲಾರ್‌ನ ವಿಷಯ ತಿಳಿಸುತ್ತಿದ್ದರು. ಆ ಕಾರ್ಯಕ್ರಮದ ಮೂಲಕ ತಾವೇ ಪ್ಯಾನೆಲ್ ಹಾಕಿಸಿಕೊಂಡಿದ್ದ ಸ್ವಯಂಸೇವಕರು, ಹಾಕಿಸಿಕೊಳ್ಳದವರಿಗಿಂತ ಶೇ. 62.8ರಷ್ಟು ಹೆಚ್ಚು ಮನೆಗಳನ್ನು ಒಪ್ಪಿಸಿದ್ದರೆಂದು 2018ರಲ್ಲಿ ವರದಿಯಾಯಿತು. ಮಾತು ಒಂದೇ, ಕಾರ್ಯಕ್ರಮ ಒಂದೇ. ಹೇಳುವವರ ದುಡ್ಡು ಅದರಲ್ಲಿ ಬಿದ್ದಿದೆಯೇ ಇಲ್ಲವೇ ಎಂಬುದನ್ನು ಕೇಳುವವರು ಅಳೆಯುತ್ತಾರೆ.

ಇಷ್ಟರಲ್ಲಿ ನಾನು ಒಪ್ಪಿಯಾಗಿತ್ತು. ಆದರೆ ಮನೆ ಎಂದರೆ ಒಬ್ಬರಲ್ಲ. ಈ ವಿಷಯದ ಬಗ್ಗೆ ಬರೆಯುವವರು "ಕುಟುಂಬದ ನಿರ್ಧಾರ" ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಂದೆ ಹೋಗುವುದನ್ನು ಕಂಡಾಗ ನನಗೆ ನಗು ಬರುತ್ತದೆ. ನಮ್ಮಲ್ಲಿ ಒಬ್ಬೊಬ್ಬರಿಗೂ ಅವರವರದೇ ಬಳಗವಿತ್ತು, ಪ್ರಭಾವವೂ ಆ ಬಳಗದ ಬಾಗಿಲಿನಿಂದಲೇ ಬಂತು. ನನಗೆ ಎದುರು ಮನೆ ಸಾಕಾಯಿತು. ನನ್ನ ಹೆಂಡತಿಗೆ ಎದುರು ಮನೆಯವರ ಮಾತಿಗಿಂತ ತನ್ನ ಕಚೇರಿಯ ಸಹೋದ್ಯೋಗಿಯ ಮಾತು ಮುಖ್ಯವಾಗಿತ್ತು; ಏಕೆಂದರೆ ಆ ಸಹೋದ್ಯೋಗಿ ಸಾಲ ಮಾಡಿ ಹಾಕಿಸಿದ್ದರು, ಸಾಲದ ಕಂತನ್ನೂ ಬಿಲ್ಲಿನಲ್ಲಿ ಉಳಿದ ಹಣವನ್ನೂ ಪಕ್ಕಪಕ್ಕ ಬರೆದಿಟ್ಟಿದ್ದರು. ಅಮ್ಮನಿಗೆ ಇವರಿಬ್ಬರೂ ಲೆಕ್ಕಕ್ಕಿರಲಿಲ್ಲ. ಆಕೆಯ ಜೊತೆ ಬೆಳಿಗ್ಗೆ ನಡೆಯಲು ಬರುವ ಗೆಳತಿಯೊಬ್ಬರ ಮಗಳ ಮನೆಯಲ್ಲಿ ಅಳವಡಿಸಿದ ವ್ಯವಸ್ಥೆ ಕೆಟ್ಟು ನಿಂತಿತ್ತು. ಹಾಕಿದ ಕಂಪನಿಯವರು ಫೋನ್ ಎತ್ತುತ್ತಿರಲಿಲ್ಲ. "ಹಾಕುವ ತನಕ ಬರುತ್ತಾರೆ, ಆಮೇಲೆ ಯಾರು ಬರುತ್ತಾರೆ?" ಎಂಬ ಒಂದೇ ಪ್ರಶ್ನೆಯನ್ನು ಆಕೆ ಹಿಡಿದು ಕೂತರು. ಆ ಪ್ರಶ್ನೆ ನಮ್ಮೆಲ್ಲರ ಲೆಕ್ಕಾಚಾರವನ್ನೂ ತಿಂಗಳುಗಟ್ಟಲೆ ತಡೆದು ನಿಲ್ಲಿಸಿತು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಸಾಮಾಜಿಕ ಪ್ರಭಾವದ ಬಗೆಗಿನ ಬರವಣಿಗೆಯಲ್ಲಿ ಪ್ರಭಾವವೆಂದರೆ ಹರಡುವಿಕೆ ಎಂಬ ಧ್ವನಿಯೇ ಹೆಚ್ಚು. ನಮ್ಮ ಮನೆಯಲ್ಲಿ ಅತ್ಯಂತ ಬಲವಾಗಿ ಕೆಲಸ ಮಾಡಿದ ಪ್ರಭಾವ ತಡೆಯುವ ದಿಕ್ಕಿನದಾಗಿತ್ತು. ಚೆನ್ನಾಗಿ ನಡೆಯುತ್ತಿರುವ ಛಾವಣಿ ಸದ್ದು ಮಾಡುವುದಿಲ್ಲ. ಅದರ ಬಗ್ಗೆ ಯಾರೂ ಕರೆದು ಹೇಳುವುದಿಲ್ಲ. ಕೆಟ್ಟು ನಿಂತದ್ದು ಬಾಯಿಂದ ಬಾಯಿಗೆ ಹೋಗುತ್ತದೆ. ಅಮ್ಮನ ಹಟವನ್ನು ಹಳೆಯ ಕಾಲದವರ ಅಂಜಿಕೆ ಎಂದು ತಳ್ಳಿಹಾಕಬಹುದಿತ್ತು, ಆದರೆ ಆಕೆ ಕೇಳಿದ್ದು ನ್ಯಾಯವಾದ ಪ್ರಶ್ನೆ. ನನ್ನ ಕಾಗದದ ಲೆಕ್ಕದಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಕೊನೆಗೆ ಆಕೆಯನ್ನೂ ಕರೆದುಕೊಂಡು ಆ ಮನೆಗೇ ಹೋಗಿ ನೋಡಿದೆವು. ಕೆಟ್ಟದ್ದು ಇನ್ವರ್ಟರ್. ಅದರ ವಾರಂಟಿ ತಯಾರಕರದ್ದು. ಆದರೆ ಮನೆಯವರ ಕೈಯಲ್ಲಿ ತಯಾರಕರ ಯಾವ ಕಾಗದವೂ ಇರಲಿಲ್ಲ, ಎಲ್ಲವೂ ಅಳವಡಿಸಿದವರ ಬಳಿಯೇ ಉಳಿದಿತ್ತು. ಅಲ್ಲದೆ ಹಿಂದಿನ ಕಟ್ಟಡದ ನೀರಿನ ತೊಟ್ಟಿಯ ನೆರಳು ಮಧ್ಯಾಹ್ನದ ನಂತರ ಸಾಲಿನ ಒಂದು ತುದಿಗೆ ಬೀಳುತ್ತಿತ್ತು. ಪ್ಯಾನೆಲ್‌ಗಳನ್ನು ಸರಣಿಯಾಗಿ ಜೋಡಿಸಿದಾಗ ಒಂದರ ಮೇಲೆ ಬಿದ್ದ ನೆರಳು ಇಡೀ ಸಾಲಿನ ಉತ್ಪಾದನೆಯನ್ನು ಕುಗ್ಗಿಸಬಲ್ಲದು. ನೆರಳು ಬಿದ್ದ ಭಾಗವನ್ನು ಬಿಟ್ಟು ವಿದ್ಯುತ್ ಹರಿಯಲು ದಾರಿ ಕೊಡುವ, ಪ್ಯಾನೆಲ್‌ನೊಳಗಿನ ಬೈಪಾಸ್ ಡಯೋಡ್‌ಗಳು ಆ ನಷ್ಟವನ್ನು ಒಂದು ಮಟ್ಟಿಗೆ ತಗ್ಗಿಸುತ್ತವೆ, ಇಲ್ಲವಾಗಿಸುವುದಿಲ್ಲ. ಹಿಂದಿರುಗುವಾಗ ಅಮ್ಮ ಏನೂ ಹೇಳಲಿಲ್ಲ. ಮರುದಿನ, "ಕಾಗದಗಳು ನಮ್ಮ ಕೈಯಲ್ಲಿರಬೇಕು, ಪ್ಯಾನೆಲ್‌ದೂ ಇನ್ವರ್ಟರ್‌ದೂ ಬೇರೆ ಬೇರೆ" ಎಂದರು. ಅದನ್ನು ಒಪ್ಪಿಗೆ ಎಂದು ನಾವು ತಿಳಿದೆವು. ಒಪ್ಪಂದದಲ್ಲಿ ನಾವು ಸೇರಿಸಿದ ಅತ್ಯಂತ ಉಪಯುಕ್ತ ಷರತ್ತು ಅದೇ.

ಮುಂದಿನ ಹಂತದಲ್ಲಿ ನೆರೆಯವರ ಉದಾಹರಣೆಯನ್ನು ಪಕ್ಕಕ್ಕಿಡಬೇಕಾಯಿತು, ಅದು ಅಂದುಕೊಂಡಷ್ಟು ಸುಲಭವಾಗಲಿಲ್ಲ. ಎದುರು ಮನೆಯವರು ಹಾಕಿಸಿದ್ದು 5 ಕಿಲೋವ್ಯಾಟ್. ನಮ್ಮ ಮನಸ್ಸಿನಲ್ಲೂ 5 ಎಂಬ ಅಂಕಿಯೇ ಕೂತಿತ್ತು. ಅಳತೆಗೆ ಬಂದ ಮಾರಾಟಗಾರರು ಅದನ್ನು ತಕ್ಷಣ ಗ್ರಹಿಸಿದರು: "ನಿಮ್ಮ ಎದುರಿನವರದ್ದೂ ಐದೇ ಅಲ್ಲವೇ?" ಎಂದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ, ಆದರೆ ಅದು ವಾದವೂ ಆಗಿರಲಿಲ್ಲ. ಅವರ ಮನೆಯಲ್ಲಿ ಹಗಲೆಲ್ಲ ಜನರಿರುತ್ತಾರೆ, ನಮ್ಮ ಮನೆಯಲ್ಲಿ ಹಗಲಿನ ಬಳಕೆ ಕಡಿಮೆ. ಜಾಲಕ್ಕೆ ಕೊಟ್ಟ ಯೂನಿಟ್ಟಿಗೂ ಜಾಲದಿಂದ ಪಡೆದ ಯೂನಿಟ್ಟಿಗೂ ಒಂದೇ ದರ ಸಿಗುವ ವ್ಯವಸ್ಥೆಯಾದರೆ ಈ ವ್ಯತ್ಯಾಸ ಅಷ್ಟಾಗಿ ಬಾಧಿಸದು. ಕೊಟ್ಟದ್ದಕ್ಕೆ ಕಡಿಮೆ ದರ ಸಿಗುವ ವ್ಯವಸ್ಥೆಯಾದರೆ ಹೆಚ್ಚುವರಿಯಾಗಿ ಉತ್ಪಾದಿಸಿದ್ದು ಅಷ್ಟು ಲಾಭ ತರದು. ಅದಕ್ಕಿಂತ ಮುಖ್ಯವಾಗಿ, ಅವರ ಛಾವಣಿಯ ಒಳ್ಳೆಯ ಇಳಿಜಾರು ಸಮಭಾಜಕ ವೃತ್ತದ ಕಡೆಗೆ, ಅಂದರೆ ಹೆಚ್ಚು ಬಿಸಿಲು ಸಿಗುವ ದಿಕ್ಕಿಗೆ, ಮುಖಮಾಡಿದೆ, ನಮ್ಮದರ ಅರ್ಧ ಭಾಗ ಬೆಳಗಿನ ಹೊತ್ತು ಪಕ್ಕದ ಮನೆಯ ಮರದ ನೆರಳಿನಲ್ಲಿರುತ್ತದೆ. ಹಳೆಯ ಬಿಲ್ಲುಗಳನ್ನು ಸೇರಿಸಿ, ನೆರಳಿನ ಅಳತೆ ತೆಗೆಸಿ ನೋಡಿದಾಗ ನಮಗೆ 3 ಕಿಲೋವ್ಯಾಟ್ ಸಾಕೆಂದಾಯಿತು. ನೆರೆಯವರನ್ನು ನೋಡಿ ಸೋಲಾರ್ ಹಾಕಿಸುವುದರಲ್ಲಿ ತಪ್ಪಿಲ್ಲ, ಅಳತೆಯನ್ನು ಅವರ ಛಾವಣಿಯಿಂದ ತರಬಾರದು. ಈ ಎರಡೂ ಒಂದೇ ಗಂಟಿನಲ್ಲಿ ಬರುವುದರಿಂದ ಬಿಡಿಸಿ ನೋಡುವ ತಾಳ್ಮೆ ಬೇಕಾಗುತ್ತದೆ.

ಇದೇ ಹೊತ್ತಿನಲ್ಲಿ ಇನ್ನೊಂದು ಆಸೆ ನನ್ನೊಳಗೆ ತಲೆಯೆತ್ತಿದ್ದನ್ನು ಹೇಳಬೇಕು. ನೆರಳಿಲ್ಲದ ಭಾಗ ಮನೆಯ ಹಿಂಬದಿಗಿತ್ತು. ಅಲ್ಲಿ ಕೂರಿಸಿದರೆ ಬೀದಿಯಲ್ಲಿ ಹೋಗುವವರಿಗೆ ಒಂದೂ ಕಾಣದು. ಇಷ್ಟೆಲ್ಲ ಮಾಡಿ ಯಾರಿಗೂ ಕಾಣದಿದ್ದರೆ ಹೇಗೆ ಎಂಬ ಯೋಚನೆ ಒಂದು ಕ್ಷಣ ಬಂತು. ಕಣ್ಣಿಗೆ ಬೀಳುವಿಕೆಗೂ ಹರಡುವಿಕೆಗೂ ಸಂಬಂಧವಿದೆಯೆಂಬುದು ಬರೀ ಊಹೆಯಲ್ಲ: ಕನೆಕ್ಟಿಕಟ್‌ನ ಮನೆಗಳನ್ನೇ ಆಧರಿಸಿ 2022ರಲ್ಲಿ ಪ್ರಕಟವಾದ ಅಧ್ಯಯನವೊಂದು, ರಸ್ತೆಯಿಂದ ಕಾಣುವ ಪ್ಯಾನೆಲ್‌ಗಳು ಹತ್ತಿರದ ಮನೆಗಳ ಮೇಲೆ ಹೆಚ್ಚು ಪ್ರಭಾವ ಬೀರುತ್ತವೆಂದು ತೋರಿಸಿದೆ. ಅದೇ ರಾಜ್ಯದ ಬಗ್ಗೆ 2015ರಲ್ಲಿ ಬಂದ ಮತ್ತೊಂದು ಅಧ್ಯಯನದಲ್ಲಿ ಈ ಪ್ರಭಾವ ಅರ್ಧ ಮೈಲಿಯೊಳಗೆ ಹೆಚ್ಚಾಗಿದ್ದು, ದೂರ ಹೋದಂತೆ ಮತ್ತು ಕಾಲ ಕಳೆದಂತೆ ಕ್ಷೀಣಿಸುವುದು ಕಂಡುಬಂದಿತ್ತು. ಹಾಗಿದ್ದರೂ ಬಿಸಿಲು ಬೀಳುವ ಕಡೆ ಬಿಟ್ಟು ಬೀದಿಗೆ ಕಾಣುವ ಕಡೆ ಪ್ಯಾನೆಲ್ ಇಡುವುದು ಅವಿವೇಕ. ಹಿಂಬದಿಯಲ್ಲೇ ಇಟ್ಟೆವು.

ಅಳತೆ ಗೊತ್ತಾದ ಮೇಲೆ ಇನ್ನೂ ಎರಡು ಮನೆಯವರು ನಮ್ಮ ಜೊತೆ ಸೇರಲು ಮುಂದಾದರು. ಮೂರು ಮನೆಗಳ ಕೆಲಸ ಒಟ್ಟಿಗೆ ಕೊಟ್ಟರೆ ದರದಲ್ಲಿ ಚೌಕಾಸಿ ಮಾಡಬಹುದು, ಕೆಲಸಗಾರರ ಓಡಾಟವೂ ಉಳಿಯುತ್ತದೆ ಎಂಬ ಲೆಕ್ಕ. ಈ ಉಪಾಯಕ್ಕೆ ಒಂದು ಚರಿತ್ರೆಯಿದೆ: 2009ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್‌ನ ಒಂದು ಬಡಾವಣೆಯ ನಿವಾಸಿಗಳು ಒಟ್ಟಾಗಿ ಗುತ್ತಿಗೆದಾರರನ್ನು ಆರಿಸಿ, ನಿಗದಿತ ಗಡುವಿನೊಳಗೆ ಹೆಸರು ಕೊಟ್ಟವರಿಗೆ ಗುಂಪಿನ ದರ ಸಿಗುವಂತೆ ಮಾಡಿದರು, ಮುಂದೆ ಅದೇ ಮಾದರಿ ಬೇರೆ ರಾಜ್ಯಗಳಿಗೂ ಹೋಯಿತು. ದರ ಇಳಿಯುವುದಕ್ಕಿಂತ ಗಡುವು ಇರುವುದು ಹೆಚ್ಚು ಕೆಲಸ ಮಾಡುತ್ತದೆಂದು ನಮ್ಮ ಅನುಭವದಿಂದ ಹೇಳಬಲ್ಲೆ. ವರ್ಷಗಳಿಂದ ಮುಂದೂಡುತ್ತ ಬಂದಿದ್ದ ನಾವು, ಇನ್ನಿಬ್ಬರು ಕಾಯುತ್ತಿದ್ದಾರೆಂಬ ಕಾರಣಕ್ಕೆ ಬ್ಯಾಂಕಿನ ಕಾಗದಪತ್ರಗಳನ್ನು ಒಂದು ವಾರದಲ್ಲಿ ಸೇರಿಸಿದೆವು.

ಆದರೆ ಗುಂಪಿಗೆ ಇನ್ನೊಂದು ಮುಖವೂ ಇದೆ. ಮುಂಗಡ ಕೊಡುವ ಹೊತ್ತಿಗೆ ಮೂವರಲ್ಲಿ ಒಬ್ಬರು ಹಿಂದೆ ಸರಿದರು. ಅವರ ಕಾರಣ ಅವರ ಮನೆಗೆ ಮಾತ್ರ ಸಂಬಂಧಿಸಿದ್ದು. ಛಾವಣಿಯನ್ನೇ ಮೊದಲು ದುರಸ್ತಿ ಮಾಡಿಸಬೇಕಿತ್ತು. ಆ ಕಾರಣ ಗೊತ್ತಿದ್ದರೂ ಅಂದು ರಾತ್ರಿ ನಮ್ಮ ಮನೆಯಲ್ಲಿ ಎಲ್ಲ ಪ್ರಶ್ನೆಗಳೂ ಮತ್ತೆ ಎದ್ದವು. ಅವರಿಗೆ ಏನಾದರೂ ಗೊತ್ತಾಗಿರಬಹುದೇ? ನಾವು ಅವಸರ ಮಾಡುತ್ತಿದ್ದೇವೆಯೇ? ಒಬ್ಬರು ಸೇರಿದಾಗ ಬಂದ ಧೈರ್ಯಕ್ಕಿಂತ ಒಬ್ಬರು ಬಿಟ್ಟಾಗ ಹೋದ ಧೈರ್ಯ ಹೆಚ್ಚಿತ್ತು. ಮುಂಗಡ ಕೊಟ್ಟದ್ದು ಗಡುವಿನ ಕೊನೆಯ ದಿನ.

ಅಳವಡಿಕೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದು ಈ ಬರಹದ ವಿಷಯವಲ್ಲ. ಚೌಕಟ್ಟು, ತಂತಿ, ಅರ್ಥಿಂಗ್ ಎಲ್ಲ ಬೇಗ ಮುಗಿಯಿತು. ಪರಿಶೀಲನೆಗೂ ಎರಡೂ ದಿಕ್ಕಿನ ಲೆಕ್ಕ ಹಿಡಿಯುವ ಮೀಟರ್‌ಗೂ ಕಾದದ್ದೇ ಹೆಚ್ಚು. ಎದುರು ಮನೆಯವರು ಮೊದಲೇ ಎಚ್ಚರಿಸಿದ್ದರಿಂದ ಆ ಕಾಯುವಿಕೆ ನಮ್ಮನ್ನು ಕಂಗೆಡಿಸಲಿಲ್ಲ. ಇದೇ ತೊಂದರೆ ಎಚ್ಚರಿಕೆಯಿಲ್ಲದೆ ಬಂದಿದ್ದರೆ ನಾವೂ ಬೀದಿಯಲ್ಲಿ ನಾಲ್ಕು ಜನರಿಗೆ ದೂರು ಹೇಳುತ್ತಿದ್ದೆವು, ಆ ದೂರು ಇನ್ಯಾರದೋ ಮನೆಯಲ್ಲಿ ತಡೆಯಾಗಿ ನಿಲ್ಲುತ್ತಿತ್ತು.

ಕೆಲಸ ಮುಗಿದ ಮೇಲೆ ಅಳವಡಿಸಿದವರು ಅಭಿಪ್ರಾಯದ ಅರ್ಜಿಯೊಂದನ್ನು ತುಂಬಿಸಿಕೊಂಡರು. ಸೋಲಾರ್ ಹಾಕಿಸಲು ಮುಖ್ಯ ಕಾರಣವೇನೆಂಬ ಪ್ರಶ್ನೆಗೆ ಬಿಲ್ ಉಳಿತಾಯ, ಪರಿಸರ ಕಾಳಜಿ, ಸಬ್ಸಿಡಿ, ನೆರೆಹೊರೆ ಎಂಬ ಆಯ್ಕೆಗಳಿದ್ದವು. ನಾವು ಬಿಲ್ ಉಳಿತಾಯಕ್ಕೆ ಗುರುತು ಹಾಕಿದೆವು. ಬಹುಮಂದಿ ಹಾಗೆಯೇ ಹಾಕುತ್ತಾರೆ. ಜೆಸ್ಸಿಕಾ ನೋಲನ್ ಮತ್ತು ಜೊತೆಗಾರರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕ್ಯಾಲಿಫೋರ್ನಿಯಾದ 810 ಜನರನ್ನು ಅವರ ವಿದ್ಯುತ್ ಮಿತವ್ಯಯಕ್ಕೆ ಕಾರಣಗಳೇನೆಂದು ಕೇಳಲಾಗಿತ್ತು. ನೆರೆಯವರು ಹಾಗೆ ಮಾಡುತ್ತಾರೆಂಬ ಕಾರಣಕ್ಕೆ ಜನ ಕೊಟ್ಟ ಸ್ಥಾನ ಎಲ್ಲಕ್ಕಿಂತ ಕೆಳಗಿನದು. ಆದರೆ ಅವರ ನಿಜವಾದ ನಡವಳಿಕೆಗೆ ಎಲ್ಲಕ್ಕಿಂತ ಹತ್ತಿರದ ನಂಟಿದ್ದದ್ದು ನೆರೆಯವರು ಎಷ್ಟು ಉಳಿಸುತ್ತಾರೆಂಬ ಅವರ ನಂಬಿಕೆಗೇ. ಅರ್ಜಿಯಲ್ಲಿ ನಾವು ಕೊಟ್ಟ ಉತ್ತರ ಸುಳ್ಳೇನಲ್ಲ. ಉಳಿತಾಯ ಎಂಬುದು ಏಕೆ ಹಾಕಿಸಿದೆವೆಂಬುದಕ್ಕೆ ಉತ್ತರ. ಏಕೆ ಆಗ ಹಾಕಿಸಿದೆವು, ಅದಕ್ಕೆ ಮೊದಲಿನ ಅಷ್ಟು ವರ್ಷ ಏಕೆ ಹಾಕಿಸಲಿಲ್ಲ ಎಂಬುದನ್ನು ಅರ್ಜಿ ಕೇಳಿರಲಿಲ್ಲ.

ಈಗ ನಾವು ಆಚೆ ಬದಿಗೆ ಬಂದಿದ್ದೇವೆ. ಪ್ಯಾನೆಲ್‌ಗಳು ಬೀದಿಗೆ ಕಾಣದಿದ್ದರೂ ಸುದ್ದಿ ಹೋಗುವಲ್ಲಿಗೆ ಹೋಗಿದೆ, ಕೇಳುವವರು ಬರುತ್ತಾರೆ. ಅವರಿಗೆ ಹೇಳುವಾಗ ಒಂದು ಸಂಗತಿಯನ್ನು ಗಮನಿಸಿದೆ: ದುಡ್ಡು ಹಾಕಿದವರಿಗೆ ತಮ್ಮ ನಿರ್ಧಾರ ಸರಿಯೆಂದು ತೋರಿಸುವ ತವಕ ಸಹಜವಾಗಿ ಇರುತ್ತದೆ, ನಾಲಿಗೆ ಒಳ್ಳೆಯ ತಿಂಗಳ ಉತ್ಪಾದನೆಯ ಕಡೆಗೇ ಹೊರಳುತ್ತದೆ. ಸ್ವಂತ ಅನುಭವವುಳ್ಳವರ ಮಾತಿಗೆ ಇಷ್ಟು ತೂಕವಿರುವಾಗ ಇದು ಸಣ್ಣ ವಿಷಯವಲ್ಲ. ಆದ್ದರಿಂದ ಎದುರು ಮನೆಯವರು ನಮಗೆ ಮಾಡಿದಂತೆ ನಾವೂ ಎಲ್ಲ ಬಿಲ್ಲುಗಳನ್ನೂ ಮುಂದಿಡುತ್ತೇವೆ. ಅತಿ ಸೆಖೆಯ ದಿನಗಳಲ್ಲಿ ಉತ್ಪಾದನೆ ನಿರೀಕ್ಷೆಗಿಂತ ಕಡಿಮೆಯಿರುವುದನ್ನೂ ತೋರಿಸುತ್ತೇವೆ. ಸಿಲಿಕಾನ್ ಪ್ಯಾನೆಲ್ ಬಿಸಿಯಾದಂತೆ, 25 ಡಿಗ್ರಿ ಸೆಲ್ಸಿಯಸ್ಸಿನ ಮೇಲೆ ಪ್ರತಿ ಡಿಗ್ರಿಗೆ ಅದರ ಶಕ್ತಿ ಶೇ. 0.3ರಿಂದ 0.4ರಷ್ಟು ಕುಗ್ಗುತ್ತದೆಂಬುದನ್ನು ಅನೇಕರು ನಂಬುವುದೇ ಇಲ್ಲ.

ಕೇಳಲು ಬರದವರ ಬಗ್ಗೆಯೂ ಯೋಚನೆಯಾಗುತ್ತದೆ. ನಮ್ಮ ಬೀದಿಯಲ್ಲಿ ಬಾಡಿಗೆಗಿರುವವರು ಒಬ್ಬರೂ ಈ ವಿಷಯ ಎತ್ತಿಲ್ಲ. ಅವರದ್ದಲ್ಲದ ಛಾವಣಿಯ ಬಗ್ಗೆ ಅವರೇಕೆ ಕೇಳಬೇಕು? ಮಾಲೀಕರಿಗೆ ಬಿಲ್ ಬರುವುದಿಲ್ಲ, ಬಿಲ್ ಬರುವವರಿಗೆ ಛಾವಣಿಯಿಲ್ಲ. ನೆರೆಯವರ ಪ್ರಭಾವ ಎಂಬುದು ಸ್ವಂತ ಮನೆ ಮತ್ತು ಕೈಯಲ್ಲಿ ಸ್ವಲ್ಪ ಹಣ ಇರುವವರ ನಡುವೆಯೇ ಸುತ್ತುತ್ತದೆ. ಈಗಾಗಲೇ ಇರುವ ಬೀದಿಗೆ ಇನ್ನಷ್ಟು ಬರುತ್ತದೆ, ಒಂದೂ ಇಲ್ಲದ ಬೀದಿಯಲ್ಲಿ ಶುರುವಾಗುವುದೇ ಕಷ್ಟ. ಮೊದಲ ಛಾವಣಿಗೆ ಸಹಾಯ ಮಾಡುವ ಯೋಜನೆಗಳು ಹತ್ತನೆಯ ಛಾವಣಿಗೆ ಮಾಡುವವಕ್ಕಿಂತ ಹೆಚ್ಚು ಉಪಯೋಗಕ್ಕೆ ಬರಬಹುದೆಂದು ನನಗೆ ಅನಿಸುವುದು ಇದರಿಂದಲೇ. ಆ ಮೊದಲ ಛಾವಣಿ ತಜ್ಞರದ್ದಾಗಿರದೆ, ಸಾಲದ ಕಂತು ಲೆಕ್ಕ ಹಾಕುವ ಯಾರದ್ದಾದರೂ ಆಗಿದ್ದರೆ ಇನ್ನೂ ಒಳ್ಳೆಯದು.

ಇತ್ತೀಚೆಗೆ ಬಂದವರು ಪಕ್ಕದ ಮನೆಯವರು, ಆ ಮರದ ಒಡೆಯರು. ತಮ್ಮ ಛಾವಣಿಗೂ ಹಾಕಿಸಬೇಕೆಂದಿದೆ, ಮರ ಕಡಿಸಿದರೆ ನಿಮಗೂ ಬೆಳಗಿನ ಬಿಸಿಲು ಸಿಗುತ್ತದಲ್ಲವೇ ಎಂದು ಕೇಳಿದರು. ನಮ್ಮ ಪ್ಯಾನೆಲ್‌ಗಳು ನೆರಳಿಲ್ಲದ ಕಡೆಯೇ ಇವೆ, ನಮಗಾಗಿ ಕಡಿಸುವ ಅಗತ್ಯವಿಲ್ಲ ಎಂದೆ. ಅವರ ಛಾವಣಿಯ ಪಶ್ಚಿಮ ಭಾಗಕ್ಕೆ ಮರದ ನೆರಳು ತಲುಪುವುದಿಲ್ಲ; ಅಲ್ಲಿ 2 ಕಿಲೋವ್ಯಾಟ್ ಹಿಡಿಯಬಹುದೆಂದು ಕಣ್ಣಳತೆಯಲ್ಲಿ ಕಾಣುತ್ತದೆ. ಅಳತೆಯವರು ಬಂದು ನೋಡುವ ತನಕ ಮರಕ್ಕೆ ಕೈ ಹಾಕಬೇಡಿ ಎಂದು ಅಮ್ಮ ಅವರಿಗೆ ಹೇಳಿ ಕಳುಹಿಸಿದರು, ಕಾಗದಗಳ ಮಾತನ್ನೂ ಸೇರಿಸಿ.